ದೇವರಿಗೆ ಬಿಟ್ಟ ಹೋರಿ

"ಅಮಾಸಿಯೊಳಗ ಊರು ಬಿಡಂತ ಹೇಳ್ಯಾರ್ರಿ ವಕೀಲ ಸಾಬ. ಕಡಸು ಗಬ್ಬ ನಿಲ್ಲದಂಗ ನಾ ಹಿಂಡ್ಯಾಗ ಏನೋ ಕಲಸೇನಂತ."

ಬೀದರಿನ ನಮ್ಮ ಮನೆಯ ಹೊಸ್ತಿಲಲ್ಲಿ ನಿಂತ ಕುಲಸುಮಬೀ ಅಳುತ್ತಿರಲಿಲ್ಲ, ಹಲ್ಲು ಕಚ್ಚಿಕೊಂಡಿದ್ದಳು. ಭಾತಂಬ್ರಾದಲ್ಲಿ ಅವಳದು ದನದ ಹಿಂಡಿಯ ಅಂಗಡಿ. ನಲವತ್ತೆಂಟರ ಪೊಲೀಸ್ ಕಾರ್ಯಾಚರಣೆಯ ಗದ್ದಲದಲ್ಲಿ ಹೋದ ಗಂಡ ಎರಡು ವರ್ಷವಾದರೂ ತಿರುಗಿ ಬಂದಿರಲಿಲ್ಲ.

"ಯಾರವ್ವಾ ಹಂಗಂದವರು?" ಎಂದರು ಹಾವಗೆಪ್ಪ ಕಾಕಾ.

"ಮನ್ಮಥಪ್ಪ ಸಾವಕಾರ್ರು. ಪಂಚರು ತಲಿ ಆಡಿಸಿದ್ರು."

ಕಾಕಾ ವಕೀಲರು; ಬಿಡಿಸಲಾಗದ ಗಂಟುಗಳೆಲ್ಲ ಅವರ ಬಳಿಗೇ ಬರುತ್ತಿದ್ದವು. ನಾನು ಅವರ ಅಣ್ಣನ ಮಗಳು, ಹೋದಲ್ಲೆಲ್ಲ ಜೊತೆ. ದನದ ಡಾಕ್ಟರ್ ರಶೀದ ಅಹ್ಮದರನ್ನೂ ಕರೆದುಕೊಂಡು ಭಾಲ್ಕಿ ದಾಟಿ ಊರು ಸೇರಿದೆವು.

ಡಾಕ್ಟರರು ಗೊಡ್ಡಾದ ಕಡಸುಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ನಾನು ನೋಡಿದ್ದು ಅವುಗಳ ಹಣೆಯನ್ನು.

"ಕಾಕಾ, ಅಜ್ಜಿ ಕತಿಯ ಶಾಪದ ರಾಜಕುಮಾರಿ ಹಂಗ, ಎಲ್ಲಾವಕ್ಕೂ ಹಣಿ ಮ್ಯಾಲ ಬಿಳಿ ಚಂದ್ರ."

ಕಾಕಾ ನಗಲಿಲ್ಲ. "ತಾಯಿಗಳಿಗೆ ಅದ ಏನು ನೋಡು."

ಇರಲಿಲ್ಲ. ಅದೇ ಹಿಂಡಿ ತಿನ್ನುವ ಆ ತಾಯಿ ಹಸುಗಳು ಗಬ್ಬವಾಗಿಯೇ ಇದ್ದವು. ಮನ್ಮಥಪ್ಪನ ತುಂಬಿದ ಕೊಟ್ಟಿಗೆಯಲ್ಲಿ ಚಂದ್ರನಿದ್ದ ದನ ಒಂದೂ ಕಾಣಲಿಲ್ಲ. ಕಂಡದ್ದು ಹೊರಗೆ, ಅವನು ಬಸವಣ್ಣನ ಹೆಸರಲ್ಲಿ ಊರಿಗೆ ಬಿಟ್ಟ ಹೋರಿಯ ಹಣೆಯಲ್ಲಿ.

ಸಂಜೆ ಕಟ್ಟೆಗೆ ಊರು ಸೇರಿತು.

"ಹಿಂಡ್ಯಾಗ ವಿಷ ಇದ್ರ ತಾಯಿಗಳೂ ಗಬ್ಬ ನಿಲ್ಲಬಾರದಿತ್ತು," ಎಂದರು ಕಾಕಾ. "ಡಾಕ್ಟರ್ ನೋಡ್ಯಾರ, ಈ ಕಡಸುಗಳಿಗೆ ಹುಟ್ಟಿನಿಂದಲೇ ಗರ್ಭಚೀಲ ಬೆಳೆದಿಲ್ಲ. ರಕ್ತದಾಗ ಬಂದ ಊನ. ಈ ಹೋರಿ ಮಕ್ಕಳೆಲ್ಲಾ ಗೊಡ್ಡಲ್ಲ. ಹಣಿ ಮ್ಯಾಲಿನ ಚಂದ್ರ ನೋಡ್ರಿ, ಗೊಡ್ಡಾದಾವೆಲ್ಲಾ ಇದರ ಮಕ್ಕಳು."

"ದೇವರ ಹೋರಿಗೆ ದೋಷ ಹಚ್ತೀರೇನ್ರಿ?" ಮನ್ಮಥಪ್ಪ ಗುಡುಗಿದ.

"ದೇವರಿಗಲ್ಲ, ನಿಮಗ. ಊರಿಗೆಲ್ಲಾ ಕರು ಕೊಟ್ಟ ಹೋರಿ ನಿಮ್ಮ ಕೊಟಗ್ಯಾಗ ಒಂದೂ ಕೊಡಲಿಲ್ಲೇನ್ರಿ? ಎಲ್ಲಿ ಹೋದವು?"

ಅವನು ಬಾಯಿ ತೆರೆಯುವ ಮೊದಲೇ ಅವನ ಹೆಂಡತಿ ಭೀಮಬಾಯಿ ಹೆಂಗಸರ ನಡುವಿನಿಂದ ಎದ್ದಳು. "ಹುಟ್ಟಿದ್ವುರಿ. ಒಂದೂ ಗಬ್ಬ ನಿಲ್ಲಲಿಲ್ಲ. ಔರಾದ ಸಂತ್ಯಾಗ ಮಾರಿ ಬಂದು ಹೋರಿ ದೇವರಿಗೆ ಬಿಟ್ರು. ನಾ ಬ್ಯಾಡಂದೆ."

ಕಾಕಾ ಸಾವಕಾರನ ಮುಂದೆ ಹೋಗಿ ನಿಂತರು. "ಕೆಟ್ಟದ್ದು ದೇವರಿಗೆ ಕೊಟ್ಟು ಪುಣ್ಯಾ ತಗೊಂಡ್ರಿ. ಅದು ಊರಿಗೆ ಗೊತ್ತಾಗ್ತದಂತ ಅಂಜಿ, ಹಿಂದ ಮುಂದ ಯಾರೂ ಇಲ್ಲದ ಹೆಣ್ಣಿನ ತಲಿಗೆ ಕಟ್ಟಿದ್ರಿ."

ಪಂಚರಲ್ಲೊಬ್ಬರು ಶಲ್ಯ ಕೊಡವಿ ಎದ್ದರು. "ಆತು ಬಿಡ್ರಿ, ತಿಳೀತಲ್ಲ. ನೀ ಊರಾಗೇ ಇರವ್ವಾ."

ಕುಲಸುಮಬೀ ಅಡ್ಡ ನಿಂತಳು. "ಕೂಡ್ರಿ. ವಿಷ ಹಾಕ್ದಾಕಿ ಅಂದದ್ದು ಈ ಕಟ್ಟಿ ಮ್ಯಾಲ. ತಪ್ಪಾತು ಅನ್ನೋದೂ ಇಲ್ಲೇ ಆಗಬೇಕು."

ಪಂಚರು ಕುಳಿತರು. ಅವಳು ಮನ್ಮಥಪ್ಪನ ಕಡೆ ತಿರುಗಿದಳು. ಅವನು ತಪ್ಪಾತು ಅನ್ನುವವರೆಗೆ ಕಟ್ಟೆಯಿಂದ ಯಾರೂ ಏಳಲಿಲ್ಲ.