ಕತ್ತರಿ ಮೇಷ್ಟ್ರ ಕಳೆದುಹೋದ ಪ್ಯಾರಾ

ಕಚಕ್... ಕಚಕ್...

ಅವಳ ಕಣ್ಣೆದುರೇ ಅವಳ ಪ್ರಬಂಧ ನಾಲ್ಕು ಚೂರಾಯಿತು!

ಎಂಟು ಗಂಟೆ ವಾರ್ಡಿನಲ್ಲಿ ನಿಂತು, ಬಸ್ಸಿನಲ್ಲಿ ಜೋತಾಡಿಕೊಂಡು ಸಂಜೆ ತರಗತಿಗೆ ಬಂದಿದ್ದ ನರ್ಸಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಮೇಲಿನ ಕೋರ್ಸಿನ ಪ್ರವೇಶ ಪರೀಕ್ಷೆಯಲ್ಲಿ ಅವಳಿಗೆ ಪ್ರಬಂಧವೊಂದೇ ತೊಡಕು. ಅದನ್ನು ಕಲಿಸಬೇಕಾದವರೇ ಕತ್ತರಿ ಹಿಡಿದರೆ?

"ಏನ್ ಸಾರ್ ಇದು! ಎರಡು ದಿನ ಕೂತು ಬರೆದಿದ್ದೀನಿ!"

ಮೇಷ್ಟ್ರು ಚೂರುಗಳನ್ನು ಇಸ್ಪೀಟೆಲೆಯಂತೆ ಕಲಸಿ, ಪಕ್ಕದ ಬೆಂಚಿನವರಿಗೆ ಜೋಡಿಸಲು ಕೊಟ್ಟರು. ಒಬ್ಬೊಬ್ಬರದು ಒಂದೊಂದು ಕ್ರಮ.

"ನೋಡಿ, ಹೇಗೆ ಜೋಡಿಸಿದ್ರೂ ನಡೆಯುತ್ತೆ. ಅಂದ್ರೆ ನಿಮ್ಮ ಪ್ಯಾರಾಗಳ ನಡುವೆ ಮಾತುಕತೆಯೇ ಇಲ್ಲ. ಹಿಂದಿನದರ ಕೊನೆ ಮಾತಿನ ಕೈ ಹಿಡ್ಕೊಂಡು ಮುಂದಿನದು ಶುರುವಾಗಬೇಕು. ಆಗ ಕತ್ತರಿಸಿದ್ರೂ ತಮ್ಮ ಜಾಗಕ್ಕೆ ತಾವೇ ಬರ್ತವೆ."

'ಅಹಂಕಾರಿ!' ಅಂದುಕೊಂಡಳು.

ಆದರೆ ಆ ಕೋಪ ಎಷ್ಟು ದಿನ ನಿಂತೀತು ಹೇಳಿ? ಅವಳ ಬಸ್ಸು ತಡವಾದರೆ, ಅವಳು ಬರುವ ತನಕ ಮೇಷ್ಟ್ರು ಹಾಜರಿಯನ್ನೇ ಕರೆಯುತ್ತಿರಲಿಲ್ಲ. ಇದು ಇಡೀ ತರಗತಿಗೆ ಗೊತ್ತಿತ್ತು. ಎರಡು ತಿಂಗಳಲ್ಲಿ ಕತ್ತರಿ ಸದ್ದು ಕೇಳಿದರೇ ಅವಳ ಎದೆ ಡವಡವ ಅನ್ನತೊಡಗಿತು.

ಒಂದು ಸಂಜೆ ಅವಳ ಪ್ರಬಂಧದ ಚೂರುಗಳನ್ನು ಮೂವರು ಜೋಡಿಸಿದರೂ ಒಂದೇ ಕ್ರಮ ಬಂತು! ಮೇಷ್ಟ್ರು ಚಪ್ಪಾಳೆ ತಟ್ಟಿಬಿಟ್ಟರು.

ಮರುದಿನ, ಮೇಷ್ಟ್ರ ಕಚೇರಿ ನೋಡಿಕೊಳ್ಳುತ್ತಿದ್ದ ಅವರ ಅಕ್ಕ ಆ ಪ್ರಬಂಧವನ್ನು ಕವರಿನಲ್ಲಿಟ್ಟು ಕೊಟ್ಟರು. ಬಸ್ಸಿನಲ್ಲಿ ಬಿಚ್ಚಿದರೆ ಒಳಗಿಂದ ಒಂದು ಚೂರು ಜಾರಿತು. ಮೇಷ್ಟ್ರದೇ ಅಕ್ಷರ!

"ಹಾಗಾಗಿ, ನಾಳೆಯಿಂದ ನೀವು ನನ್ನ ತರಗತಿಗೆ ಬರಬೇಡಿ."

ಅಷ್ಟೇ...

'ನನ್ನ ಮನಸ್ಸು ಅವರಿಗೆ ಗೊತ್ತಾಗಿಬಿಡ್ತಾ? ಅದಕ್ಕೇ ಹೀಗೆ ಮುಖಕ್ಕೆ ಹೊಡೆದ ಹಾಗೆ...'

ಹತ್ತು ದಿನ ಅತ್ತಳು. ಮೇಷ್ಟ್ರ ಫೋನನ್ನೂ ಎತ್ತಲಿಲ್ಲ. ಹನ್ನೊಂದನೆಯ ದಿನ ದುಃಖಕ್ಕಿಂತ ಸಿಟ್ಟು ಜಾಸ್ತಿಯಾಗಿ, ಸೀದಾ ಹೋಗಿ ಚೂರನ್ನು ಅವರ ಮೇಜಿನ ಮೇಲೆ ಕುಕ್ಕಿದಳು.

"ಬರಬೇಡ ಅನ್ನೋದನ್ನ ಬಾಯಲ್ಲಿ ಹೇಳೋಕಾಗಲಿಲ್ವಾ ಸಾರ್?"

ಮೇಷ್ಟ್ರು ಎದ್ದು ನಿಂತೇಬಿಟ್ಟರು.

"ಅಯ್ಯೋ! ಇದು ನಿಮ್ಮ ಹತ್ರ ಇತ್ತಾ? ಹತ್ತು ದಿನದಿಂದ ಮೇಜಿನ ಕೆಳಗೆಲ್ಲ ತಡಕಾಡ್ತಾ ಇದ್ದೀನಿ!"

ಈ ಮಹಾನುಭಾವರು ಮಾಡಿದ್ದೇನು ಗೊತ್ತೇ? ಪ್ರೇಮಪತ್ರ ಬರೆದು, ಜೋಡಣೆ ಸರಿಯಿದೆಯೇ ನೋಡೋಣವೆಂದು ಅದನ್ನೂ ಕತ್ತರಿಸಿದ್ದರು! ಮೇಜು ಒರೆಸಲು ಬಂದ ಅಕ್ಕ ಒಂದು ಚೂರನ್ನು ಅವಳ ಪ್ರಬಂಧದೊಳಗೆ ಸೇರಿಸಿಬಿಟ್ಟಿದ್ದರು.

"‘ಹಾಗಾಗಿ’ ಅಂತ ಶುರುವಾಗಿದೆ. ಹಿಂದೆ ಇನ್ನೊಂದು ಪ್ಯಾರಾ ಇರಲೇಬೇಕು ಅಂತ ನಿಮಗೆ ಹೊಳೀಲಿಲ್ವಾ?"

"ಅಳ್ತಾ ಕೂತವಳಿಗೆ ಅದೆಲ್ಲ ಹೊಳೆಯುತ್ತಾ ಸಾರ್?"

ಮೇಷ್ಟ್ರು ಡ್ರಾಯರಿನಿಂದ ಇನ್ನೆರಡು ಚೂರು ತೆಗೆದಿಟ್ಟರು. ಅವಳು ಮೂರನ್ನೂ ಜೋಡಿಸಿದಳು.

"ನೀವು ಬರೆಯುವುದನ್ನು ಕಲಿತಿರಿ. ನಿಮಗೆ ಕಲಿಸಲು ನನ್ನಲ್ಲಿ ಇನ್ನೇನೂ ಉಳಿದಿಲ್ಲ."

"ಹಾಗಾಗಿ, ನಾಳೆಯಿಂದ ನೀವು ನನ್ನ ತರಗತಿಗೆ ಬರಬೇಡಿ."

"ಬರುವುದಾದರೆ ನನ್ನ ಬಾಳಿಗೇ ಬನ್ನಿ. ಬಲವಂತವಿಲ್ಲ. ಎಷ್ಟು ದಿನವಾದರೂ ಕಾಯುತ್ತೇನೆ."

ಕಣ್ಣು ತುಂಬಿ ಅಕ್ಷರಗಳೆಲ್ಲ ಮಂಜಾದವು. ದೇವರೇ, ಹತ್ತು ದಿನ ಸುಮ್ಮನೆ ಅತ್ತಳಲ್ಲ!

"ಜೋಡಣೆ... ಸರಿಯಾಗಿದೆಯಾ?" ಮೇಷ್ಟ್ರು ಚೂರುಗಳತ್ತ ಬಗ್ಗಿ ಕೇಳಿದರು.

"ಮುಂದಿನ ಪ್ಯಾರಾ ನಾನು ಶುರು ಮಾಡ್ಲಾ?"

"ಹಿಂದಿನದರ ಕೊನೆ ಮಾತು ಹಿಡ್ಕೊಂಡು..."

"ಗೊತ್ತು, ಸುಮ್ನಿರಿ!"

ಮೇಜಿನ ಮೇಲಿದ್ದ ಕತ್ತರಿಯನ್ನು ಡ್ರಾಯರಿಗೆ ಹಾಕಿ ಮುಚ್ಚಿ, ಅವರ ಕೈ ಹಿಡಿದಳು.

"ಕಾದಿದ್ದು ಸಾಕು ಕಣ್ರೀ."

"‘ಸಾರ್’ ಎಲ್ಲಿ ಹೋಯ್ತು?"

"ಅದನ್ನ ನಾನೇ ಕತ್ತರಿಸಿ ಹಾಕ್ದೆ!"