ಏಕೋಣತೀಸ

“ತ್ರಿವೇಣಿ, ಏಕೋಣತೀಸ!”

ಪುಣೆಯ ಸದಾಶಿವ ಪೇಠದ ಕ್ಯಾಟ್ ಕ್ಲಾಸಿನ ಮೇಡಂ ಮರಾಠಿಯಲ್ಲಿ ನನ್ನ ಮಾರ್ಕ್ಸ್ ಕೂಗಿದ್ದೇ ತಡ, ಕೆಳಗೋಡಿ ಪೇಢೆ ತಂದು ಎಲ್ಲರಿಗೂ ಹಂಚತೊಡಗಿದೆ. ವಿಜಯಪುರದಿಂದ ಬಂದವಳ ಮೂರು ತಿಂಗಳ ಮರಾಠಿ ನನ್ನದು. ಏಕ ಅಂದರೆ ಒಂದು, ತೀಸ ಅಂದರೆ ಮೂವತ್ತು, ಕೂಡಿದರೆ ಮೂವತ್ತೊಂದು. ಭಾನುವಾರದ ಬ್ಯಾಚಿಗೆ ಸೇರಲು ಮೂವತ್ತು ಬೇಕಿತ್ತು. ಆರು ದಿನ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ದುಡಿಯುವ ನನಗೆ ಎಂಬಿಎ ಓದಬೇಕೆಂದರೆ ಈ ಬ್ಯಾಚೊಂದೇ ಗತಿ.

ಟೆಸ್ಟಿನಲ್ಲಿ ನನ್ನ ಪಕ್ಕ ಕೂತಿದ್ದವನು ಅಭಿಲಾಷ. ಹುಟ್ಟಿದ್ದು ಪುಣೆಯಲ್ಲಿ, ಮನೆಮಾತು ಕಲಬುರಗಿ ಕನ್ನಡ. ಕಣ್ಣು ಸ್ವಲ್ಪ ಹೆಚ್ಚೇ ದೊಡ್ಡವು.

“ಮೂವತ್ತೊಂದು ಬಿದ್ದಾವ್ರಿ, ತಗೋರಿ!”

ಪೇಢೆಯನ್ನು ಕೈಯಲ್ಲೇ ಹಿಡಿದು ನಿಂತ.

“ಯಾಕ್ರೀ, ಸಿಹಿ ಆಗೂದಿಲ್ಲೇನು?”

“ಆಗ್ತದ್ರಿ. ಆದ್ರ... ಏಕೋಣತೀಸ ಅಂದ್ರ ಮೂವತ್ತೊಂದಲ್ಲ. ಮೂವತ್ತಕ್ಕ ಒಂದು ಕಡಿಮಿ.”

ನೆಲ ಬಾಯಿಬಿಡಬಾರದೇ ಅನ್ನಿಸಿತು. “ಮಂದಿ ಎಲ್ಲಾ ತಿಂದು ಸುಮ್ನಾದ್ರು. ನಿಮಗ್ಯಾಕ ಬೇಕಿತ್ತು ಈ ಉಸಾಬರಿ?”

“ಮುಂದಿನ ಐತವಾರ ಇನ್ನೊಂದು ಟೆಸ್ಟ್ ಅದ. ಹೆಸರು ಕೊಡ್ಲಿಕ್ಕ ಇವತ್ತ ಕಡೀ ದಿನ. ಖುಷೀಲೆ ಮನಿಗಿ ಹೋಗಿದ್ರ ಅದೂ ತಪ್ತಿತ್ತು.” ತಲೆ ತಗ್ಗಿಸಿದ. “ನೀವಿಲ್ಲದ ಬ್ಯಾಚಿಗಿ ಬರ್ಲಿಕ್ಕ ನನಗೂ ಮನಸಿಲ್ರಿ.”

ಕೊನೆಯ ಮಾತು ಕೇಳಿಸದವಳಂತೆ ಹೋಗಿ ಹೆಸರು ಬರೆಸಿದೆ. ಸೋತು ಕೂರುವ ಜಾಯಮಾನ ನನ್ನದಲ್ಲ.

ವಾರವಿಡೀ ಬೆಳಿಗ್ಗೆ ಆರಕ್ಕೆ ಕ್ಲಾಸಿನ ಓದುವ ಕೋಣೆಯಲ್ಲಿ ಎದುರುಬದುರು ಕೂತೆವು. ಶೇಕಡಾ ಲೆಕ್ಕ ತಪ್ಪಿದಾಗಲೆಲ್ಲ ಪೆನ್ಸಿಲಿನಿಂದ ನನ್ನ ಹಾಳೆಯ ತುದಿ ತಟ್ಟುತ್ತಿದ್ದ. ನಾನು ಕತ್ತೆತ್ತಿದರೆ ಆ ಕಣ್ಣು ಥಟ್ಟನೆ ಕಿಟಕಿಗೆ ಹೋಗುತ್ತಿದ್ದವು. ಕಳ್ಳ! ಅವನ ಮೇಲೆ ಮನಸ್ಸಾದದ್ದು ಸುಳ್ಳಲ್ಲ. ಆದರೆ ನಾನು ಮೊದಲು ಲೆಕ್ಕ ಮುಗಿಸುತ್ತಿದ್ದೆ, ಆಮೇಲೆ ಅವನನ್ನು ನೋಡುತ್ತಿದ್ದೆ.

ಭಾನುವಾರ ನಲವತ್ತೆರಡು ಬಂತು. ಈ ಸಲ ಹಾಳೆಯನ್ನೇ ಇಸಿದುಕೊಂಡು ಕಣ್ಣಾರೆ ನೋಡಿದೆ.

ಮೆಟ್ಟಿಲ ಬಳಿ ಅವನು ಮೆಲ್ಲಗೆ ಕೇಳಿದ, “ನಾಳಿಗಿ ಎಂಬಿಎ ಸೀಟು ಕೋಲ್ಕತ್ತಾದಾಗ ಸಿಕ್ರ?”

“ಹೋಗಾಕಿನ ನಾ. ಯಾರು ಅಡ್ಡ ಬಂದ್ರೂ.”

“ನಾ ಅಡ್ಡ ಬರೂದಿಲ್ರಿ. ನಾನೂ ಓದಿ ಅಲ್ಲೇ ಸೀಟು ತಗೋತೀನಿ, ಸಿಗಲಿಲ್ಲಂದ್ರ ಇಲ್ಲೇ ಕಾಯ್ತೀನಿ. ನಿಮ್ಮ ಮ್ಯಾಲ ಭಾಳ ಮನಸಾಗ್ಯದ್ರಿ.”

ಹೇಳಿಯೇಬಿಟ್ಟ, ಹತ್ತುವವರು ಇಳಿಯುವವರ ನಡುವೆಯೇ. ನನಗೆ ನಗು, ಅಳು ಒಟ್ಟಿಗೇ ಬಂದವು.

“ನನಗೂ,” ಅಂದೆ. “ಇನ್ನ ಆ ‘ರಿ’ ಬಿಡು, ಅಭಿಲಾಷ. ಒಳಗ ನಡಿ, ಕ್ಲಾಸ್ ಚಾಲೂ ಆತು.”