ಫ್ಯೂಸ್ ಭಾವನ ಜೇಬಿನಲ್ಲಿದೆ

ನಮ್ಮ ತಗಡಿನ ಕಣಜದಲ್ಲಿ ಜೋಳ ಗಡ್ಡೆಕಟ್ಟಿದರೆ, ಅದನ್ನು ಒಡೆಯಲು ಒಬ್ಬರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುತ್ತಾರೆ. ಮೊದಲು, ತಳದಿಂದ ಜೋಳ ಹೊರಗೆಳೆಯುವ ಮೋಟರಿನ ಫ್ಯೂಸ್ ಕಿತ್ತು ಜೇಬಿಗಿಡಬೇಕು. ಒಳಗಿದ್ದವರು ಹೊರಬರುವವರೆಗೆ ಯಾರೂ ಅದನ್ನು ಹಾಕುವಂತಿಲ್ಲ.

ಆ ಮಧ್ಯಾಹ್ನ ನಾನು ಮೇಲೆ ಹತ್ತಿದಾಗ ಹಗ್ಗ ಆಗಲೇ ಒಳಗೆ ಬಿಗಿಯಾಗಿ ಇಳಿದಿತ್ತು. ಆತುರಗಾರ ಭಾವ ಇಳಿದೇಬಿಟ್ಟರು ಅಂದುಕೊಂಡೆ.

"ಹುಷಾರಾಗಿದೀರಾ ಭಾವ?" ಎಂದು ಜಗ್ಗಿದೆ. ಒಳಗಿನಿಂದಲೂ ಜಗ್ಗಿದರು. ತಗಡು ಬಿಸಿಲಿಗೆ ಸುಡುತ್ತಿತ್ತು. ಹಗ್ಗ ಮಾತ್ರ ತಣ್ಣಗಿತ್ತು.

ಕೆಳಗಿನಿಂದ ಭಾವ ಕೂಗಿದರು: "ಯಾರ ಹತ್ರನಯ್ಯಾ ಮಾತು? ಈಗಷ್ಟೇ ಫ್ಯೂಸ್ ಕಿತ್ತೆ, ಬಂದೆ ಇರು."

ಹಗ್ಗ ಮತ್ತೆ ಜಗ್ಗಿತು.

ಇಬ್ಬರೂ ಸೇರಿ ಎಳೆದೆವು. ತುದಿಯಲ್ಲಿ ಸೊಂಟದಳತೆಯ ಕುಣಿಕೆಯಿತ್ತು, ಗಂಟು ಬಿಚ್ಚಿರಲಿಲ್ಲ. ಪಕ್ಕದ ಬಾಗಿಲು ತೆಗೆದು ಜೋಳವನ್ನೆಲ್ಲ ಹೊರಗೆ ಸುರಿದೆವು. ಒಳಗೆ ಯಾರೂ ಇರಲಿಲ್ಲ.

ಆದರೆ ಯಾರೂ ಹೊರಗೆ ಬಂದದ್ದನ್ನೂ ನಾವು ನೋಡಿಲ್ಲ. ಅದಕ್ಕೇ ಫ್ಯೂಸ್ ಇನ್ನೂ ಭಾವನ ಜೇಬಿನಲ್ಲಿದೆ.